ಕೊಲೆ ಯಾವಾಗಲೂ ಮಳೆ ಬೀಳುವ ಊರಲ್ಲೇ ಯಾಕೆ ಆಗಬೇಕು?

ಹಿನ್ನೀರ ದಂಡೆ (ಬಾಗಲಕೋಟೆ)

ಕಾಲು ಮುರಿದು ಎರಡು ತಿಂಗಳು ಮನೆಯಲ್ಲೇ ಇದ್ದೆ. ಹದಿನಾಲ್ಕು ಕಾದಂಬರಿ ಓದಿ ಮುಗಿಸಿದೆ. ಹೆಚ್ಚಿನವು ಪತ್ತೇದಾರಿ. ನಾಲ್ಕು ಪ್ರೇಮದ್ದು, ಎರಡು ಫ್ಯಾಂಟಸಿ. ಕನ್ನಡದವೂ ಇವೆ, ಇಂಗ್ಲಿಷಿನವೂ ಇವೆ. ಓದಿದ್ದನ್ನು ಯಾರ ಹತ್ತಿರವಾದರೂ ಹೇಳದೇ ಇದ್ದರೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಹಿಡಿದು ಕೂರಿಸಿದ್ದು ಜಪಾನಿನ ಕೀಗೊ ಹಿಗಾಶಿನೊ ಬರೆದ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್'. ಕೊಂದವರು ಯಾರು ಅಂತ ಮೊದಲಲ್ಲೇ ಗೊತ್ತಾಗುತ್ತದೆ. ಆದರೂ ರಾತ್ರಿ ಎರಡರವರೆಗೆ ಪುಸ್ತಕ ಕೆಳಗಿಡಲಿಲ್ಲ. ಪಕ್ಕದ ಮನೆಯ ಗಣಿತದ ಮಾಸ್ತರ ಅದನ್ನು ಹೇಗೆ ಮುಚ್ಚಿಟ್ಟ ಅನ್ನುವುದೇ ಅಲ್ಲಿಯ ಒಗಟು. ರಿಚರ್ಡ್ ಆಸ್ಮನ್ ಅವರ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ಕೂಡ ಇಷ್ಟವಾಯಿತು. ವಯಸ್ಸಾದ ನಾಲ್ಕು ಜನ ಸೇರಿ ಕೊಲೆ ಕೇಸು ಬಿಡಿಸುತ್ತಾರೆ. ಒಗಟು ಸ್ವಲ್ಪ ಸಡಿಲ. ಆದರೆ ಜಾಯ್ಸ್ ಬರೆಯುವ ಡೈರಿ ಓದುವಾಗ ನಮ್ಮ ಸೋದರತ್ತೆ ಎದುರಿಗೆ ಕೂತು ಊರ ಸುದ್ದಿ ಹೇಳಿದ ಹಾಗಿತ್ತು.

ಈಗ ನನ್ನ ತಕರಾರು. ಈಚೆಗೆ ಬಂದ ಕನ್ನಡದ ಪತ್ತೇದಾರಿ ಕಾದಂಬರಿ ಐದು ಓದಿದೆ. ನಾಲ್ಕರಲ್ಲಿ ಮಲೆನಾಡು. ಜಡಿಮಳೆ, ಕಾಫಿ ತೋಟ, ಕರೆಂಟ್ ಇಲ್ಲದ ಹಳೇ ಬಂಗಲೆ. ಐದನೆಯದರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್. ನಮ್ಮ ಕಡೆ ರಹಸ್ಯಕ್ಕೆ ಜಾಗವೇ ಇಲ್ವಾ? ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿದವು. ನಾವೆಲ್ಲ ಗಂಟು ಮೂಟೆ ಕಟ್ಟಿ ನವನಗರಕ್ಕೆ ಬಂದೆವು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ನಮ್ಮ ಹಿತ್ತಲಿನ ಬಾವಿ ಈಗ ನೀರೊಳಗೆ ಇದೆ. ಅದರಲ್ಲಿ ಏನಿತ್ತು ಅಂತ ಒಬ್ಬ ಮುದುಕ ಸಾಯುವ ಮುಂಚೆ ಹೇಳಿದರೆ ಸಾಕು, ಕಾದಂಬರಿ ಶುರು ಆಯಿತಲ್ಲ!

ಪ್ರೇಮದ್ದರಲ್ಲಿ ಎಮಿಲಿ ಹೆನ್ರಿಯ 'ಬೀಚ್ ರೀಡ್' ಚೆನ್ನಾಗಿದೆ. ಇಬ್ಬರು ಲೇಖಕರು ತಮ್ಮ ತಮ್ಮ ಶೈಲಿ ಅದಲು ಬದಲು ಮಾಡಿಕೊಂಡು ಬರೆಯುವ ಪಂದ್ಯ. ಫ್ಯಾಂಟಸಿಯಲ್ಲಿ 'ಫೋರ್ತ್ ವಿಂಗ್' ಅರ್ಧಕ್ಕೆ ಬಿಟ್ಟೆ. ಕನ್ನಡದಲ್ಲಂತೂ ಫ್ಯಾಂಟಸಿ ಕಾದಂಬರಿಯೇ ಇಲ್ಲ ಅನಿಸುತ್ತದೆ. ತಪ್ಪಿದ್ದರೆ ತಿದ್ದಿ. ಒಂದೇ ವಿನಂತಿ, ಯಾವ ಪುಸ್ತಕದ ಕೊನೆಯನ್ನೂ ಇಲ್ಲಿ ಒಡೆದು ಹೇಳಬೇಡಿ.

ಗುಮ್ಮಟದ ನೆರಳು (ವಿಜಯಪುರ)

ನೂರಕ್ಕೆ ನೂರು ಒಪ್ಪಿದೆ! ನಮ್ಮ ಊರಲ್ಲಿ ಕೊಲೆ ಕಥೆಗೆ ಜಾಗ ಹುಡುಕಲೇಬೇಕಾಗಿಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಇದೆಯಲ್ಲ, ಒಂದು ಕಡೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ ಎದುರು ದಿಕ್ಕಿನಲ್ಲಿ ಕೂತವನಿಗೆ ಕೇಳುತ್ತದೆ. ಇಬ್ಬರು ಸಂಚು ಮಾಡುತ್ತಾರೆ, ಆ ಕಡೆ ಕೂತ ಶಾಲೆ ಹುಡುಗಿಗೆ ಅಷ್ಟೂ ಕೇಳಿಸುತ್ತದೆ. ಯಾರ ದನಿ ಅಂತ ಮಾತ್ರ ಅವಳಿಗೆ ಗೊತ್ತಾಗುವುದಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗಿನಿಂದ ಈ ಕಥೆ ತಲೆಯಲ್ಲಿದೆ.

ಸುಮ್ನೆ ಓದುವವಳು (ಬೆಳಗಾವಿ)

ಕಥೆ ಚೆನ್ನಾಗಿದೆ. ಆದರೆ ನಾವು ಹೋದಾಗ ಅಲ್ಲಿ ಇನ್ನೂರು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದರು. ಪಿಸುಮಾತು ಹೋಗಲಿ, ಪಕ್ಕದಲ್ಲಿದ್ದ ಗಂಡನ ಮಾತೂ ಕೇಳಲಿಲ್ಲ.

ಗುಮ್ಮಟದ ನೆರಳು (ವಿಜಯಪುರ)

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಬೇಕು. ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ ಮೊದಲಿಗರಾಗಿ ಒಳಗೆ ಕಾಲಿಟ್ಟರೆ ನಿಮ್ಮ ಚಪ್ಪಲಿ ಸದ್ದೇ ನಿಮ್ಮ ಹಿಂದೆ ಬರುತ್ತದೆ. ಸಂಚು ಮಾಡುವವರೂ ಆ ಹೊತ್ತಿಗೇ ಬರುತ್ತಾರೆ ಬಿಡಿ.

ಸಾಠ್ ಕಬರ್ ಬಗ್ಗೆ ಯಾರಾದರೂ ಬರೆದಿದ್ದಾರಾ? ಒಂದೇ ಅಳತೆಯ, ಸಾಲು ಸಾಲು ಗೋರಿಗಳು. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುಂಚೆ ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನು ಬಾವಿಗೆ ನೂಕಿಸಿದ ಅಂತ ಜನ ಹೇಳುತ್ತಾರೆ. ಅದು ಬಾಯಿಂದ ಬಾಯಿಗೆ ಬಂದ ಕಥೆ. ನಿಜವಾಗಿ ಏನಾಯಿತು ಅಂತ ಹುಡುಕುವ ಒಬ್ಬ ಹೆಣ್ಣುಮಗಳು, ಈಗಿನ ಕಾಲದವಳು, ಕಾದಂಬರಿಯ ನಾಯಕಿ ಆಗಲಿ.

ನೈಟ್ ಡ್ಯೂಟಿ (ಬಾಗಲಕೋಟೆ)

ನಾನು ನರ್ಸ್. ಬಿಸಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪತ್ತೇದಾರಿ ಕಾದಂಬರಿಗಳಲ್ಲಿ ಹೆಣ ಎಷ್ಟು ತಣ್ಣಗಾಗಿದೆ ಅಂತ ನೋಡಿ ಸತ್ತ ಹೊತ್ತು ಲೆಕ್ಕ ಹಾಕುತ್ತಾರೆ ಅಲ್ವಾ? ಅದು ತಂಪು ಊರಿನ ಲೆಕ್ಕ. ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ 40 ಡಿಗ್ರಿ ದಾಟುತ್ತದೆ. ಮೈಯ ಬಿಸಿ ಸುಮಾರು 37. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿ ಇದ್ದರೆ ಹೆಣ ತಣ್ಣಗಾಗುವುದು ಹೇಗೆ? ಆ ಲೆಕ್ಕವೇ ಕೈ ಕೊಡುತ್ತದೆ. ಕೊಳೆಯುವುದೂ ಬೇಗ. ಅಂದರೆ ನಮ್ಮ ಬಿಸಿಲೇ ಕೊಲೆಗಾರನ ಪರ ಸುಳ್ಳು ಸಾಕ್ಷಿ ಹೇಳುತ್ತದೆ. ಮಳೆಗಿಂತ ದೊಡ್ಡ ಒಗಟು ಇದರಲ್ಲಿದೆ. ಬರೆಯುವವರು ಇಲ್ಲ ಅಷ್ಟೇ.

ಹಿನ್ನೀರ ದಂಡೆ (ಬಾಗಲಕೋಟೆ)

ಇದು ನನಗೆ ಹೊಳೆದೇ ಇರಲಿಲ್ಲ. ಕೈ ಮುಗಿದೆ.

ಹುಕ್ಕೇರಿ ಮಾಸ್ತರ (ಬೆಳಗಾವಿ ಜಿಲ್ಲೆ)

ಕನ್ನಡದಲ್ಲಿ ಫ್ಯಾಂಟಸಿ ಇಲ್ಲ ಅನ್ನುವ ಮಾತು ಓದಿ ಎದ್ದು ಕೂತೆ. ನಮ್ಮ ತಾಲೂಕಿನ ಘೋಡಗೇರಿಯಲ್ಲಿ, ಘಟಪ್ರಭಾ ದಂಡೆಯ ಮೇಲೆ ಹುಟ್ಟಿದ ಚಂದ್ರಶೇಖರ ಕಂಬಾರರು ಏನು ಬರೆದರು ಹಾಗಾದರೆ? ಶಿವಾಪುರ ಅನ್ನುವ ಊರನ್ನೇ ಕಟ್ಟಿದರು. ನಕ್ಷೆಯಲ್ಲಿ ಇಲ್ಲದ ಊರು. ಅದಕ್ಕೆ ದೇವರಿದ್ದಾರೆ, ಹಾಡಿದೆ, ಶಾಪ ಇದೆ, ಪುರಾಣ ಇದೆ. 'ಚಕೋರಿ'ಯಲ್ಲಿ ಕುರುಬರ ಹುಡುಗ ಚಂದಮುತ್ತನ ಸಂಗೀತಕ್ಕೆ ಯಕ್ಷಿಯೇ ಒಲಿಯುತ್ತಾಳೆ. ಅದು ಕಾವ್ಯ, ಬಿಡಿ. ಕಾದಂಬರಿ ಬೇಕೆಂದರೆ 'ಶಿಖರಸೂರ್ಯ' ಓದಿ. 2006ರಲ್ಲಿ ಬಂತು. ವಿದ್ಯೆ ಕದ್ದ ಒಬ್ಬ ಮನುಷ್ಯ ಅಧಿಕಾರದ ಆಸೆಗೆ, ಚಿನ್ನದ ಆಸೆಗೆ ಏನೇನಾಗುತ್ತಾನೆ ಅಂತ. ಮಾಟ ಇದೆ, ಮದ್ದಿನ ಗುಟ್ಟು ಇದೆ, ರಾಜ್ಯ ಇದೆ, ಯುದ್ಧ ಇದೆ. ಡ್ರ್ಯಾಗನ್ ಒಂದೇ ಇಲ್ಲ.

ಇಂಗ್ಲಿಷಿನಲ್ಲಿ ಒಬ್ಬರು ಇಲ್ಲದ ಊರು ಕಟ್ಟಿದರೆ ಅದಕ್ಕೆ ಫ್ಯಾಂಟಸಿ ಅನ್ನುತ್ತೇವೆ. ಕಂಬಾರರು ಕಟ್ಟಿದರೆ ಜಾನಪದ ಅಂತ ಬೇರೆ ಕಪಾಟಿನಲ್ಲಿ ಇಡುತ್ತೇವೆ. ಶಾಲೆಯಲ್ಲಿ ಪಾಠ ಮಾಡಿ ಮಾಡಿ ಮಕ್ಕಳಿಗೆ ಅದು ಪರೀಕ್ಷೆಯ ವಿಷಯ ಆಗಿಬಿಟ್ಟಿದೆ. ರಾತ್ರಿ ದೀಪ ಹಚ್ಚಿಕೊಂಡು ಓದುವ ಕಥೆ ಅಂತ ಯಾರೂ ಅವರ ಕೈಗೆ ಕೊಡುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಹಾಸ್ಟೆಲ್ ರೂಮ್ 14 (ವಿಜಯಪುರ)

ಸರ್, ನಾನು ಕಂಬಾರರನ್ನು ಪಿಯುಸಿಯಲ್ಲಿ ಓದಿದ್ದೇನೆ, ಗೌರವ ಇದೆ. ಆದರೆ ಅದೂ ಇದೂ ಒಂದೇ ಅಂತ ಒಪ್ಪಲಾರೆ. ಫ್ಯಾಂಟಸಿ ಅಂದರೆ ನಿಯಮ ಇರಬೇಕು. ಮಂತ್ರ ಹೇಗೆ ಕೆಲಸ ಮಾಡುತ್ತದೆ, ಅದಕ್ಕೆ ಏನು ಬೆಲೆ ತೆರಬೇಕು ಅಂತ ಓದುಗರಿಗೆ ಗೊತ್ತಿರಬೇಕು.

'ಫೋರ್ತ್ ವಿಂಗ್' ಅರ್ಧಕ್ಕೆ ಬಿಟ್ಟವರಿಗೆ: ದಯವಿಟ್ಟು ಮತ್ತೆ ಹಿಡಿಯಿರಿ! ನಮ್ಮ ಹಾಸ್ಟೆಲಿನಲ್ಲಿ ಒಂದೇ ಪ್ರತಿ, ಹನ್ನೊಂದು ಜನ ಓದಿದೆವು. ವಯಲೆಟ್‌ಗೆ ಮೈಯಲ್ಲಿ ಶಕ್ತಿ ಕಡಿಮೆ, ಕೀಲು ಪದೇ ಪದೇ ತಪ್ಪುತ್ತವೆ. ಪುಸ್ತಕಗಳ ನಡುವೆ ಲಿಪಿಕಾರಳಾಗಿ ಇರಬೇಕು ಅಂತ ಇದ್ದವಳನ್ನು ಅಮ್ಮನೇ ಡ್ರ್ಯಾಗನ್ ಸವಾರರ ಕಾಲೇಜಿಗೆ ತಳ್ಳುತ್ತಾಳೆ. ಮನೆಯವರು ಆರಿಸಿದ ಕೋರ್ಸಿಗೆ ಬಂದು ಕೂತ ಹುಡುಗಿಯರಿಗೆ ಅದು ಎಲ್ಲಿ ನಾಟುತ್ತದೆ ಅಂತ ಹೇಳಬೇಕಾ?

ಹಿನ್ನೀರ ದಂಡೆ (ಬಾಗಲಕೋಟೆ)

ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ನಾನು ಬಿಟ್ಟಿದ್ದು ಕಥೆಗಲ್ಲ, ಭಾಷೆಗೆ. ಯುದ್ಧದ ರಾಜ್ಯದಲ್ಲಿ ಎಲ್ಲರೂ ಈಗಿನ ಕಾಲೇಜು ಹುಡುಗರ ಹಾಗೇ ಮಾತಾಡುತ್ತಾರೆ. ನಾಯಕ ಜಾಡೆನ್ ಬಂದ ಕೂಡಲೇ ಅವನೂ ವಯಲೆಟ್ಟೂ ಜಗಳ ಆಡಿ ಆಮೇಲೆ ಒಂದಾಗುತ್ತಾರೆ ಅಂತ ತಿಳಿದುಬಿಟ್ಟಿತು.

ಹಾಸ್ಟೆಲ್ ರೂಮ್ 14 (ವಿಜಯಪುರ)

ಪ್ರೇಮದ ಕಥೆಯಲ್ಲಿ ಒಂದಾಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹೇಗೆ ಅನ್ನುವುದಕ್ಕೇ ಓದುವುದು. ನಿಮ್ಮ ಜಪಾನಿನ ಪುಸ್ತಕದ ಹಾಗೇ!

ಹುಕ್ಕೇರಿ ಮಾಸ್ತರ (ಬೆಳಗಾವಿ ಜಿಲ್ಲೆ)

ಈ ಮಾತಿಗೆ ಹುಡುಗಿಗೆ ಪೂರ್ತಿ ಅಂಕ. ಆದರೆ ನಿಯಮದ ಮಾತು ಒಪ್ಪುವುದಿಲ್ಲ. ಎ.ಕೆ. ರಾಮಾನುಜನ್ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಕಡೆಯ ಕಥೆಗಳನ್ನು ಕೂಡಿಸಿದರು. ಹೂವಿನ ಗಿಡ ಆಗುವ ಹುಡುಗಿಯ ಕಥೆ ಕೇಳಿದ್ದೀರಲ್ಲ? ಅದರಲ್ಲಿ ಎಷ್ಟು ಗಟ್ಟಿ ನಿಯಮ ಇದೆ ನೋಡಿ. ಅವಳ ಮೇಲೆ ಒಂದು ತಂಬಿಗೆ ನೀರು ಸುರಿದರೆ ಗಿಡ ಆಗುತ್ತಾಳೆ. ಎಲೆ ಹರಿಯದೆ, ಕೊಂಬೆ ಮುರಿಯದೆ ಹೂವು ಬಿಡಿಸಬೇಕು. ಇನ್ನೊಂದು ತಂಬಿಗೆ ಸುರಿದರೆ ಮತ್ತೆ ಹುಡುಗಿ. ಕೊಂಬೆ ಮುರಿದರೆ ಅವಳ ಮೈಯೇ ಮುರಿಯುತ್ತದೆ. ನೀವು ಕೇಳಿದ ಬೆಲೆ ಇದೇ. ಮಡಿಕೆ, ಬಿಂದಿಗೆ ಹೊತ್ತ ಹೆಣ್ಣುಮಕ್ಕಳು ಹೇಳಿದ ಕಥೆ ಅದು.

ಗಿರೀಶ ಕಾರ್ನಾಡರ 'ನಾಗಮಂಡಲ'ಕ್ಕೂ ರಾಮಾನುಜನ್ ಹೇಳಿದ ಕಥೆಯೇ ಮೂಲ.

ಹಾಸ್ಟೆಲ್ ರೂಮ್ 14 (ವಿಜಯಪುರ)

ಹೂವಿನ ಹುಡುಗಿ ಕಥೆ ಅಜ್ಜಿ ಹೇಳುತ್ತಿದ್ದರು! ಅದನ್ನು ಈ ದೃಷ್ಟಿಯಿಂದ ನೋಡಿಯೇ ಇರಲಿಲ್ಲ. ಸೋತೆ ಸರ್. ಅರ್ಧ ಮಾತ್ರ.

ಎರಡು ಭಾಷೆಯ ಮನೆ (ಬೆಳಗಾವಿ, ಶಹಾಪುರ)

ನಿಯಮದ ಮಾತು ಬಂತಲ್ಲ, ಆರ್.ಎಫ್. ಕುವಾಂಗ್ ಅವರ 'ಬೇಬಲ್' ಯಾರೂ ಹೆಸರಿಸಲೇ ಇಲ್ಲ. 2022ರದ್ದು. 1830ರ ದಶಕದ ಆಕ್ಸ್‌ಫರ್ಡ್. ಬೆಳ್ಳಿಯ ಗಟ್ಟಿಯ ಮೇಲೆ ಒಂದೇ ಅರ್ಥದ ಎರಡು ಭಾಷೆಯ ಶಬ್ದ ಕೆತ್ತುತ್ತಾರೆ. ಅನುವಾದ ಮಾಡುವಾಗ ಎಷ್ಟು ಅರ್ಥ ಸೋರಿ ಹೋಗುತ್ತದೋ ಅದೇ ಮಂತ್ರವಾಗಿ ಕೆಲಸ ಮಾಡುತ್ತದೆ. ನನಗೆ ಮೈ ಜುಮ್ ಅಂತು. ನಮ್ಮ ಮನೆಯಲ್ಲಿ ಅಮ್ಮ ಮರಾಠಿ, ಅಪ್ಪ ಕನ್ನಡ. ಓಣಿಯಲ್ಲಿ ಉರ್ದು, ಕೊಂಕಣಿ. ಬೆಳಗಾವಿಯಲ್ಲಿ ಬೆಳೆದವರಿಗೆ ಈ ಸೋರಿಕೆ ದಿನಾ ಕಾಣುತ್ತದೆ. 'ಶಿಕ್ಷಾ' ಅಂದರೆ ಹಿಂದಿಯಲ್ಲಿ ವಿದ್ಯೆ. ಕನ್ನಡದ ಶಿಕ್ಷೆ, ಮರಾಠಿಯ ಶಿಕ್ಷಾ ಎರಡೂ ದಂಡನೆ. ಅಡಕೊತ್ತು ನಮ್ಮಿಂದ ಹೋಗಿ ಮರಾಠಿಯಲ್ಲಿ ಅಡಕಿತ್ತಾ ಆಯಿತು.

ಪತ್ತೇದಾರಿ ಪ್ರಿಯರಿಗೆ ಇನ್ನೊಂದು: 'ಅನುಮಾನ'. ಕನ್ನಡದಲ್ಲಿ ಸಂಶಯ. ಹಿಂದಿ, ಮರಾಠಿಯಲ್ಲಿ ಸುಳಿವು ನೋಡಿ ಹಾಕಿದ ಅಂದಾಜು. ಒಬ್ಬ ಪತ್ತೇದಾರ ಮಾಡುವ ಕೆಲಸವೇ ಈ ಅನುಮಾನದಿಂದ ಆ ಅನುಮಾನಕ್ಕೆ ಹೋಗುವುದು. ಬೆಳಗಾವಿಯ ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಕೇಸು ಸಿಗಲಾರದು. ಸತ್ತವನು ಬರೆದಿಟ್ಟ ಒಂದು ಚೀಟಿ, ಒಂದೇ ಶಬ್ದ, ಯಾವ ಭಾಷೆಯಲ್ಲಿ ಓದಬೇಕು ಅನ್ನುವುದೇ ಒಗಟು.

ನೈಟ್ ಡ್ಯೂಟಿ (ಬಾಗಲಕೋಟೆ)

ಇದನ್ನು ನೀವೇ ಬರೆಯಿರಿ. ಬೇರೆಯವರಿಗೆ ಬಿಡಬೇಡಿ.

ಹಳೇ ಪುಸ್ತಕ (ಜಮಖಂಡಿ)

ನಾನು ಎನ್. ನರಸಿಂಹಯ್ಯನವರ ಕಾಲದವನು. ಐನೂರಕ್ಕೂ ಜಾಸ್ತಿ ಪತ್ತೇದಾರಿ ಕಾದಂಬರಿ ಬರೆದ ಮನುಷ್ಯ. ಪತ್ತೇದಾರ ಪುರುಷೋತ್ತಮ ಅಂದರೆ ನಮಗೆ ಮನೆಯ ಹಿರಿಯಣ್ಣ ಇದ್ದ ಹಾಗೆ. ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಅಂಗಡಿ ಇತ್ತು, ದಿನಕ್ಕೆ ನಾಲ್ಕಾಣೆ. ಒಂದು ಸಲ ತಂದ ಪುಸ್ತಕದಲ್ಲಿ ಕೊನೆಯ ಎಂಟು ಪುಟ ಯಾರೋ ಹರಿದಿದ್ದರು. ಕೊಂದವನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಪುಸ್ತಕದ ಹೆಸರೂ ಮರೆತಿದೆ, ರಟ್ಟಿನ ಮೇಲೆ ಕೆಂಪು ಕಾರು ಇತ್ತು ಅನ್ನುವುದು ಮಾತ್ರ ನೆನಪಿದೆ. ಐವತ್ತು ವರ್ಷದ ಮೇಲಾಯಿತು. ಯಾರ ಮನೆಯ ಅಟ್ಟದ ಮೇಲಾದರೂ ಅಂಥ ಪುಸ್ತಕ ಇದ್ದರೆ ದಯವಿಟ್ಟು ತಿಳಿಸಿ.

ಈಗಿನವರು ಚೆನ್ನಾಗಿ ಬರೆಯುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಐವತ್ತು ಪುಟ ನಾಯಕನ ಮನಸ್ಸಿನ ನೋವೇ ಇರುತ್ತದೆ. ನರಸಿಂಹಯ್ಯನವರು ನೇರವಾಗಿ ಕಥೆಗೆ ಇಳಿಯುತ್ತಿದ್ದರು.

ಸುಮ್ನೆ ಓದುವವಳು (ಬೆಳಗಾವಿ)

ಮನಸ್ಸಿನ ನೋವು ಇದ್ದರೆ ತಪ್ಪೇನು? ಕೊಲೆ ಆದ ಮನೆಯಲ್ಲಿ ಅಳುವವರೂ ಇರುತ್ತಾರೆ ಅಲ್ವಾ. ಹಳೆಯ ಪತ್ತೇದಾರಿಗಳಲ್ಲಿ ಸತ್ತವನ ಹೆಂಡತಿ ಎರಡು ಸಾಲು ಅತ್ತು ಒಳಗೆ ಹೋಗಿ ಚಹಾ ತರುತ್ತಾಳೆ. ಅದು ನನಗೆ ಸೇರುವುದಿಲ್ಲ.

ಜಿಲ್ಲಾ ಗ್ರಂಥಾಲಯ ಪ್ರೇಮಿ (ವಿಜಯಪುರ)

ಕೆ.ಎನ್. ಗಣೇಶಯ್ಯ ಅವರನ್ನು ಮರೆತಿರಾ? ಅವರು ಕೃಷಿ ವಿಜ್ಞಾನಿ. 'ಕನಕ ಮುಸುಕು', 'ಕರಿಸಿರಿಯಾನ' ಎರಡೂ ಒಂದೇ ವಾರದಲ್ಲಿ ಓದಿದೆ. ಗುಡಿಯ ಶಿಲ್ಪ, ಬೀಜ, ಶಾಸನ ಎಲ್ಲ ಸುಳಿವಾಗಿ ಬರುತ್ತವೆ. ಆಮೇಲೆ ಬಾದಾಮಿ, ಐಹೊಳೆಗೆ ಹೋದಾಗ ಪ್ರತಿ ಕಂಬವನ್ನೂ ಸುತ್ತಿ ಸುತ್ತಿ ನೋಡಿದೆ.

ಹಿನ್ನೀರ ದಂಡೆ (ಬಾಗಲಕೋಟೆ)

ವಿಷಯ ಅದ್ಭುತ. ಆದರೆ ಓಡುವ ಕಥೆ ನಿಲ್ಲಿಸಿ ಒಬ್ಬರು ಇನ್ನೊಬ್ಬರಿಗೆ ಪಾಠ ಹೇಳಲು ಕೂರುತ್ತಾರೆ. ಬೆನ್ನ ಹಿಂದೆ ಶತ್ರು ಇರುವಾಗ ಯಾರು ಇತಿಹಾಸ ವಿವರಿಸುತ್ತಾರೆ?

ಜಿಲ್ಲಾ ಗ್ರಂಥಾಲಯ ಪ್ರೇಮಿ (ವಿಜಯಪುರ)

ನನಗೆ ಆ ಪಾಠವೇ ಬೇಕು. ಅಡಿಟಿಪ್ಪಣಿ ಕೂಡ ಬಿಡದೆ ಓದುತ್ತೇನೆ. ಕಥೆ ಎಲ್ಲಿ ಮುಗಿದು ನಿಜ ಎಲ್ಲಿ ಶುರು ಆಗುತ್ತದೆ ಅಂತ ಹುಡುಕುವುದೇ ನನಗೆ ಎರಡನೇ ಪತ್ತೇದಾರಿ.

ಮೂಡಲ ಗಾಳಿ (ಬೆಳಗಾವಿ, ಗೋಕಾಕ)

ಮಳೆ, ತೋಟ ಅಂತ ಬೈಯುವಾಗ ತೇಜಸ್ವಿ ಅವರ 'ಚಿದಂಬರ ರಹಸ್ಯ' ಹೊರಗಿಡಿ. ಏಲಕ್ಕಿ ಸಂಶೋಧಕನ ಸಾವಿನ ತನಿಖೆಯಿಂದ ಶುರು ಆಗಿ ಇಡೀ ಕೆಸರೂರನ್ನೇ ಬಿಚ್ಚಿಡುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊನೆಯಲ್ಲಿ ಆ ಅಂಗಡಿ ಅನ್ನುವ ಅಧಿಕಾರಿ ಏನು ಮಾಡುತ್ತಾನೆ ಅಂದರೆ

ಸುಮ್ನೆ ಓದುವವಳು (ಬೆಳಗಾವಿ)

ನಿಲ್ಲಿಸಿ!! ಮೊದಲ ಪೋಸ್ಟ್ ಓದಲಿಲ್ವಾ?

ಮೂಡಲ ಗಾಳಿ (ಬೆಳಗಾವಿ, ಗೋಕಾಕ)

ಮೂವತ್ತು ವರ್ಷಕ್ಕೂ ಹಳೆಯ ಪುಸ್ತಕ ರೀ. ಆದರೂ ಕ್ಷಮಿಸಿ, ಉಳಿದದ್ದು ಅಳಿಸಿದೆ. ಹೇಳಬೇಕಾಗಿದ್ದು ಇಷ್ಟೇ. ಎಲ್ಲ ಗಂಟೂ ಬಿಚ್ಚಲೇಬೇಕು ಅಂತ ಇಲ್ಲ. ಬಿಚ್ಚದ ಗಂಟು ಹಿಡಿದುಕೊಂಡು ಮಲಗಿದ ರಾತ್ರಿ ನನಗೆ ಇನ್ನೂ ನೆನಪಿದೆ.

ಇಳಕಲ್ ಕೊಂಡಿ (ಬಾಗಲಕೋಟೆ ಜಿಲ್ಲೆ)

ಪ್ರೇಮ ಕಾದಂಬರಿ ಬಗ್ಗೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ, ಅದಕ್ಕೆ ಬಂದೆ. ಈಚೆಗೆ ಒಂದು ಓದಿದೆ, ಹೆಸರು ಬೇಡ. ನಾಯಕಿ ನಮ್ಮ ಕಡೆಯವಳಂತೆ. ಪುಟಕ್ಕೊಂದು ಸಲ "ಭಾಳ ಚಲೋ ಐತಿ" ಅನ್ನುತ್ತಾಳೆ, ಅಷ್ಟೇ ಅವಳ ಊರು. ಇಳಕಲ್ ಸೀರೆಯನ್ನು "ಮಿಂಚುವ ತೆಳು ಸೀರೆ" ಅಂತ ಬರೆದಿದ್ದಾರೆ. ನಾವು ನೇಕಾರರು. ನಮ್ಮ ಸೀರೆಯ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಒಂದೊಂದು ಸೀರೆಗೂ ಮತ್ತೆ ಹೊಸದಾಗಿ ಈ ಕೆಲಸ. ಕೆಂಪು ಸೆರಗಿನಲ್ಲಿ ಬಿಳಿ ತೆನೆ. ಅಪ್ಪ ಅಮ್ಮ ಎದುರು ಬದುರು ಕೂತು ಕೊಂಡಿ ಹಾಕುವುದನ್ನು ನೋಡುತ್ತಾ ನಾನು ಬೆಳೆದೆ. ಇಬ್ಬರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಒಬ್ಬರ ಕೈ ನಿಂತರೆ ಇನ್ನೊಬ್ಬರ ಕೈ ತಾನೇ ನಿಲ್ಲುತ್ತಿತ್ತು. ಪ್ರೇಮ ಅಂದರೆ ನನಗೆ ಅದೇ ಕಾಣುತ್ತದೆ. ಅದನ್ನು ಯಾಕೆ ಯಾರೂ ಬರೆಯುವುದಿಲ್ಲ?

ನಮ್ಮ ಅವ್ವ ಕೃಷ್ಣಮೂರ್ತಿ ಪುರಾಣಿಕರನ್ನು ಬಿಟ್ಟು ಬೇರೆಯವರನ್ನು ಓದುತ್ತಿರಲಿಲ್ಲ. ನಮ್ಮ ಬೀಳಗಿಯವರು. 'ಕುಲವಧು' 1963ರಲ್ಲಿ ಸಿನಿಮಾ ಆಯಿತು. 'ಸನಾದಿ ಅಪ್ಪಣ್ಣ' ಕೂಡ ಅವರ ಕಥೆಯೇ. ಈಗ ಅವರ ಪುಸ್ತಕ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ.

ಹಿನ್ನೀರ ದಂಡೆ (ಬಾಗಲಕೋಟೆ)

ಕೊಂಡಿಯ ಮಾತು ಮೂರು ಸಲ ಓದಿದೆ. ಪ್ರೇಮ ಕಾದಂಬರಿಯಲ್ಲಿ ನನಗೆ ಬೇಕಾಗಿದ್ದೂ ಇದೇ, ಇಬ್ಬರೂ ಏನಾದರೂ ಕೆಲಸ ಮಾಡುತ್ತಿರಬೇಕು. 'ಬೀಚ್ ರೀಡ್' ಇಷ್ಟವಾಗಿದ್ದು ಅದಕ್ಕೇ, ಅಲ್ಲಿ ಇಬ್ಬರೂ ನಿಜವಾಗಿ ಕೂತು ಬರೆಯುತ್ತಾರೆ. ವಸುಧೇಂದ್ರರ 'ತೇಜೋ ತುಂಗಭದ್ರಾ'ದಲ್ಲೂ ಗೇಬ್ರಿಯಲ್ ಬೆಲ್ಲಾಗಾಗಿ ಲಿಸ್ಬನ್ ಬಿಟ್ಟು ಹಡಗು ಹತ್ತುತ್ತಾನೆ. ಸಮುದ್ರದ ಆ ಪುಟಗಳನ್ನು ಮರೆಯಲಾರೆ.

ಜಿಲ್ಲಾ ಗ್ರಂಥಾಲಯ ಪ್ರೇಮಿ (ವಿಜಯಪುರ)

ಬಾಗಲಕೋಟೆಯವರು ಕೆರೂರ ವಾಸುದೇವಾಚಾರ್ಯರನ್ನು ನೆನೆಯಬೇಕು. ಅಲ್ಲೇ ವಕೀಲರಾಗಿದ್ದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ 'ಇಂದಿರೆ' ಅವರದ್ದೇ.

ಹುಕ್ಕೇರಿ ಮಾಸ್ತರ (ಬೆಳಗಾವಿ ಜಿಲ್ಲೆ)

ಸಣ್ಣ ತಿದ್ದುಪಡಿ. ಮೊದಲನೆಯದು ಅಂತ ಸಾಮಾನ್ಯವಾಗಿ ಹೇಳುವುದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1899. ಕೆರೂರರ 'ಇಂದಿರೆ' 1908. ಹೆಸರು ಹತ್ತಿರ ಇರುವುದರಿಂದ ಎಲ್ಲರೂ ಎಡವುತ್ತಾರೆ. ಆದರೆ ಕೆರೂರರು ಶೇಕ್ಸ್‌ಪಿಯರನ ನಾಟಕವನ್ನೇ ತಂದು 'ಸುರತ ನಗರದ ಶ್ರೇಷ್ಠಿ' ಮಾಡಿದವರು. ವೆನಿಸ್ ಊರನ್ನು ಸೂರತ್ ಮಾಡಿದರು! ನೂರು ವರ್ಷದ ಹಿಂದೆ ಬಾಗಲಕೋಟೆಯ ವಕೀಲರೊಬ್ಬರಿಗೆ ಊರು ಬದಲಿಸುವ ಧೈರ್ಯ ಇತ್ತು.

ಸುಮ್ನೆ ಓದುವವಳು (ಬೆಳಗಾವಿ)

ವಿಷಯ ಸ್ವಲ್ಪ ಬೇರೆ. ಆನ್‌ಲೈನಿನಲ್ಲಿ ತರಿಸಿದ ಪುಸ್ತಕದ ಮೂಲೆ ಮಡಚಿ, ರಟ್ಟು ಹರಿದು ಬರುತ್ತದೆ, ಎರಡು ಸಲ ಆಯಿತು. ನಿಮಗೂ ಹೀಗೇನಾ? ನಾನಂತೂ ಈಗ ಖಡೇಬಜಾರಿಗೆ ಹೋದಾಗ ಕೈಯಲ್ಲಿ ಹಿಡಿದು, ವಾಸನೆ ನೋಡಿಯೇ ಕೊಳ್ಳುವುದು.

ಗುಮ್ಮಟದ ನೆರಳು (ವಿಜಯಪುರ)

ವಾಸನೆ ನೋಡುವವರು ನಾನೊಬ್ಬನೇ ಅಂತ ತಿಳಿದಿದ್ದೆ.

ಹಳೇ ಪುಸ್ತಕ (ಜಮಖಂಡಿ)

ಕೆಂಪು ಕಾರಿನ ಪುಸ್ತಕ ಯಾರಿಗಾದರೂ ಸಿಕ್ಕಿತಾ?

ಇಳಕಲ್ ಕೊಂ​ಡಿ (ಬಾಗಲಕೋಟೆ ಜಿಲ್ಲೆ)

ಅವ್ವನ ಟ್ರಂಕಿನಲ್ಲಿ ನೋಡುತ್ತೇನೆ ಕಾಕಾ. ಪುರಾಣಿಕರ ಕೆಳಗೆ ಒಂದಿಷ್ಟು ಪತ್ತೇದಾರಿ ಇದ್ದವು. ಭಾನುವಾರ ಹೇಳುತ್ತೇನೆ.

ಹಿನ್ನೀರ ದಂಡೆ (ಬಾಗಲಕೋಟೆ)

ಮಾಸ್ತರರ ಮಾತು ಕೇಳಿ 'ಶಿಖರಸೂರ್ಯ' ತರಿಸಿದೆ. ಫ್ಯಾಂಟಸಿ ಇಲ್ಲ ಅಂದಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಹಾಸ್ಟೆಲ್ ಹುಡುಗಿ ಹೇಳಿದ್ದಕ್ಕೆ 'ಫೋರ್ತ್ ವಿಂಗ್' ಕೂಡ ಮತ್ತೆ ತೆಗೆದೆ. ಹಗಲು ಒಂದು, ರಾತ್ರಿ ಇನ್ನೊಂದು ನಡೆದಿದೆ. ಇನ್ನೂ ಎಂಬತ್ತನೇ ಪುಟದ ಹತ್ತಿರ ಇದ್ದೇನೆ. ಗೋಕಾಕದವರು ದಯವಿಟ್ಟು ಒಂದು ವಾರ ಸುಮ್ಮನಿರಿ.